ಎರಡನೆಯ ಗಂಧಕದ ಗುಡ್ಡ

ಮೊನ್ನೆ ಬೆಳಗಾವಿ ಪೇಟೆಯಿಂದ ಗಂಧಕದ ಪುಡಿ ತಂದು ಗುಲಾಬಿ ಗಿಡಗಳಿಗೆ ಉದುರಿಸಿದೆ. ಬೂದಿ ರೋಗ ಹೋಯಿತೋ ಇಲ್ಲವೋ ಕಾಣೆ, ಎರಡು ಸಲ ಸಾಬೂನು ಹಚ್ಚಿದರೂ ಕೈಯ ವಾಸನೆ ಮಾತ್ರ ಹೋಗಲಿಲ್ಲ. ಈ ಹಳದಿ ಪುಡಿ ಎಲ್ಲಿಂದ ಬರುತ್ತದೆ ಎಂಬ ಹುಳ ತಲೆಗೆ ಹೊಕ್ಕಿತು. ನಿವೃತ್ತಿಯಾದವಳ ತಲೆಗೆ ಹುಳ ಹೊಕ್ಕರೆ ಮನೆಯಲ್ಲಿ ಅಡಿಗೆ ತಡ, ನಿಮಗೆ ಗೊತ್ತಲ್ಲ.

ಮೊಬೈಲಿನಲ್ಲಿ ಹುಡುಕುತ್ತ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಿಗೇ ಹೋಗಿಬಿಟ್ಟೆ. ಅಲ್ಲಿ ಜ್ವಾಲಾಮುಖಿಗಳ ಬಿರುಕಿನಿಂದ ಬರುವ ಹಬೆ ತಣಿದು, ಕಲ್ಲಿನ ಮೇಲೆ ಗಂಧಕ ಹಳದಿಯಾಗಿ ಕೂರುತ್ತದಂತೆ. ಸ್ಪ್ಯಾನಿಷ್ ಭಾಷೆಯಲ್ಲಿ ಅದಕ್ಕೆ ‘ಅಸುಫ್ರೆ’. ಆ ಹೆಸರು ಓದಿದ್ದೇ ತಡ, ನನ್ನ ಸಾಲೆಯ ದಿನಗಳ ಒಂದು ಶನಿವಾರ ನೆನಪಾಯಿತು.

ಖಾನಾಪುರದ ಸಾಲೆಯಲ್ಲಿ ಭೂಗೋಳದ ಮಾಸ್ತರರು ಶನಿವಾರ ದೊಡ್ಡ ನಕಾಶೆ ತೂಗುಹಾಕಿ ಹೆಸರು ಹುಡುಕುವ ಆಟ ಆಡಿಸುತ್ತಿದ್ದರು. ಆ ವರ್ಷ ಗೆದ್ದವರಿಗೆ ಬೆಳಗಾವಿಯ ಸ್ಪರ್ಧೆಗೆ ಹೋಗುವ ಅವಕಾಶವಿತ್ತು. ಕೊನೆಗೆ ಉಳಿದವರು ನಾನು ಮತ್ತು ನನ್ನ ಬೆಂಚಿನ ಗೆಳತಿ ಪದ್ಮಾ. ಮಾಸ್ತರರು “ಅಸುಫ್ರೆ ಗುಡ್ಡ” ಎಂದರು. ನಾನು ಚಿಲಿಯ ಉತ್ತರಕ್ಕೆ ಬೆರಳಿಟ್ಟೆ. ಪದ್ಮಾ ಬಹಳ ಕೆಳಗೆ, ಅರ್ಜೆಂಟೀನದ ಗಡಿಯಲ್ಲಿ ಇಟ್ಟಳು.

“ಸರ್, ಇಲ್ಲೂ ಅದ ಹೆಸರ ಐತ್ರೀ,” ಎಂದಳು.

ಮಾಸ್ತರರು ತಮ್ಮ ಉತ್ತರದ ಚೀಟಿ ನೋಡಿದರೇ ಹೊರತು ನಕಾಶೆ ನೋಡಲಿಲ್ಲ. “ಒಂದ ಹೆಸರಿನ್ವು ಎರಡ ಗುಡ್ಡ ಹೆಂಗ ಇರ್ತಾವ? ಕುಂದರು.”

“ನಮ್ಮ ತಾಲೂಕಿನ್ಯಾಗ ಕರಿಹಳ್ಳ ಎಷ್ಟ ಅದಾವಲ್ರೀ ಸರ್?”

ವರ್ಗವೆಲ್ಲ ನಕ್ಕಿತು, ಮಾಸ್ತರರಿಗೆ ಸಿಟ್ಟು ಬಂತು. ಅವಳ ಬೆರಳ ಕೆಳಗಿನ ಅಕ್ಷರ ನಾನು ಓದಿದ್ದೆ. ಅದೇ ಹೆಸರು. ಆದರೂ ಬಾಯಿ ಬಿಡಲಿಲ್ಲ, ನನಗೆ ಬೆಳಗಾವಿಗೆ ಹೋಗಬೇಕಿತ್ತು. ಹೋದೆ, ಮೊದಲ ಸುತ್ತಿನಲ್ಲೇ ಸೋತು, ಕುಂದಾ ತಿಂದು ಬಂದೆ. ಪದ್ಮಾಗೂ ಒಂದು ಪೊಟ್ಟಣ ತಂದರೆ “ಒಲ್ಲೆ” ಎಂದಳು. ಜೈನರ ಹುಡುಗಿ, ಏನೋ ಉಪವಾಸವಿರಬೇಕು ಎಂದುಕೊಂಡೆ. ನಾನು ಅಷ್ಟು ದಡ್ಡಿಯೇನಲ್ಲ, ಹಾಗೆಂದುಕೊಂಡರೆ ಅನುಕೂಲವಿತ್ತು. ಮುಂದೆ ಅವಳು ಆ ಆಟಕ್ಕೆ ಏಳಲೇ ಇಲ್ಲ.

ಈಗ ನೋಡಿದರೆ, ಆಂಡೀಸಿನಲ್ಲಿ ಹಳದಿ ಕಂಡಲ್ಲೆಲ್ಲ ಜನ ಅದೇ ಹೆಸರಿಟ್ಟಿದ್ದಾರೆ. ಗುಡ್ಡಕ್ಕೆ, ಗುಡ್ಡದ ಸಾಲಿಗೆ, ಹೊಳೆಗೆ. ಕೊಲಂಬಿಯದಲ್ಲಿ ಅಸುಫ್ರಾಲ್ ಎಂಬ ಜ್ವಾಲಾಮುಖಿಯ ತಲೆಯ ಮೇಲೆ ಹಸಿರು ಕೆರೆಯೇ ಇದೆ! ಖುಷಿಯೂ ನಾಚಿಕೆಯೂ ಒಟ್ಟಿಗೇ ಆದವು. ಖಾನಾಪುರದಲ್ಲೇ ಇರುವ ಪದ್ಮಾಗೆ ಫೋನು ಹಚ್ಚಿದೆ.

“ಅವತ್ತ ನೀ ತೋರಿಸಿದ್ದು ಖರೇ ಇತ್ತು. ನಾ ಓದಿದ್ನಿ,” ಎಂದೆ.

“ಗೊತ್ತೈತಿ. ನೀ ಓದೂದು ನೋಡಿದ್ನಿ. ಗುಡ್ಡದ ಚಿಂತಿ ಇರಲಿಲ್ಲ ನನಗ. ನೀ ಹೇಳ್ತೀ ಅಂತ ಕಾಯ್ಕೋತ ನಿಂತಿದ್ನಿ.”

ನಾನು ಮೂಗು ಒರೆಸಿಕೊಂಡೆ. ಅದು ಅವಳಿಗೆ ಕೇಳಿಸಿರಬೇಕು.

“ಇರಲಿ ಬಿಡು. ಎಷ್ಟ ಅದಾವ ಅಂಥವು?”

“ಭಾಳ ಅದಾವ. ಇನ್ನೂ ಹುಡುಕಾಕತ್ತೀನಿ.”

“ಹಂಗಾರ ನಾಡಿದ್ದ ನಕಾಶಿ ತಗೊಂಡ ಬಾ. ಈ ಸಲ ಬೆರಳ ನಾ ಇಡ್ತೀನಿ, ನೀ ಜೋರಾಗಿ ಓದು.”