ಅಣ್ಣ ಕೇಳದ ಮದ್ದಳೆ

ಇಂಥ ಸಂಗತಿ ಬೇರೆ ಯಾರಾದರೂ ಹೇಳಿದ್ದರೆ ಮೊದಲು ನಗುತ್ತಿದ್ದವಳು ನಾನೇ. "ನಿಮಗೆ ನಿದ್ದೆ ಸಾಲಲಿಲ್ಲ" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದೆ. ನೀವೂ ಹಾಗೆಯೇ ಅನ್ನಬಹುದು. ನನಗೆ ಬೇಸರವಿಲ್ಲ.

ನನ್ನ ಅಣ್ಣ ಯಕ್ಷಗಾನದ ಮದ್ದಳೆಗಾರ. ಚಾರ್ಮಾಡಿ ಘಾಟಿಯ ಬುಡದ ಹಳ್ಳಿ ಬಿಟ್ಟು ಎಲ್ಲೂ ನೆಲೆಸಿದವನಲ್ಲ. ಮಂಗಳೂರಿಗೆ ಕರೆದರೆ, "ಗುಡ್ಡಕ್ಕೆ ತಾಗಿ ತಿರುಗಿ ಬಾರದಿದ್ದರೆ ಮದ್ದಳೆಯ ಪೆಟ್ಟಿನಲ್ಲಿ ಎಂತ ರುಚಿ ಉಂಟು?" ಎನ್ನುತ್ತಿದ್ದ. ಮದುವೆಯಾಗಲಿಲ್ಲ. ಬಾರಿಸಿದ, ಊರ ಮಕ್ಕಳಿಗೆ ಕಲಿಸಿದ, ಅಷ್ಟೇ. ಪಾರ್ಶ್ವವಾಯು ಬಡಿದು ಎಡಗೈ ಬಿದ್ದುಹೋದಾಗ ಮಂಗಳೂರಿನ ಪಡೀಲಿನಲ್ಲಿದ್ದ ನನ್ನ ಫ್ಲ್ಯಾಟಿಗೆ ಕರೆತಂದೆ. ಮದ್ದಳೆಯೂ ಜೊತೆಗೆ ಬಂತು. ಅನ್ನಕ್ಕೆ ಬೂದಿ ಸೇರಿಸಿ ಅರೆದ ಬೋನವನ್ನು ಅದರ ಚರ್ಮಕ್ಕೆ ಹಚ್ಚಿದರೇ ಸ್ವರ ಕೂಡುವುದು. ಬಾರಿಸಿ ಮುಗಿದ ಮೇಲೆ ಬೋನ ಕೆರೆದು ತೆಗೆದೇ ಮದ್ದಳೆ ಎತ್ತಿಡುವುದು ಕ್ರಮ.

ಕೈ ಇನ್ನು ಬಾರದು ಎಂದು ಡಾಕ್ಟರು ಹೇಳಿದ ದಿನದಿಂದ ಅಣ್ಣನದು ಒಂದೇ ಮಾತು: "ಒಮ್ಮೆ ನನ್ನ ಪೆಟ್ಟು ನಾನು ಕೇಳ್ಬೇಕು." ಮೊಬೈಲಿನಲ್ಲಿ ಹಳೆಯ ರೆಕಾರ್ಡಿಂಗ್ ಹಾಕಿದರೆ ಮುಖ ತಿರುಗಿಸುತ್ತಿದ್ದ.

ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಬಂಗುಡೆ ಮೀನು ತೊಳೆಯುತ್ತಿದ್ದೆ. ಮದ್ದಳೆ ಕೇಳಿತು. ಒಂದು ಕೈಯದಲ್ಲ, ಎರಡೂ ಕೈಯ ಪೆಟ್ಟು. ಅಣ್ಣನ ಪೆಟ್ಟು ನನಗೆ ಗೊತ್ತಿಲ್ಲವೇ? ಖುಷಿಯಿಂದ ನಿಂತಲ್ಲೇ ನಿಂತು ಕೇಳಿದೆ. ಅಷ್ಟರಲ್ಲಿ ಆಚೆ ಮನೆಯ ಮೈಮೂನಕ್ಕ ಬಾಗಿಲು ಬಡಿದರು.

"ಎಂತ, ಅಣ್ಣನ ಕೈ ಸರಿ ಆಯ್ತಾ ಮಾರಾಯ್ತಿ? ನಮ್ಮಲ್ಲಿಗೆ ಕೇಳ್ತಾ ಉಂಟು!"

ಇಬ್ಬರೂ ಕೋಣೆಗೆ ಓಡಿದೆವು. ಸದ್ದು ನಿಂತಿತ್ತು. ಅಣ್ಣ ಗೋಡೆಯ ಕಡೆ ತಿರುಗಿ ಗಾಢ ನಿದ್ದೆಯಲ್ಲಿದ್ದ. ಅವನ ಕೈಗಳು ಶುಭ್ರವಾಗಿದ್ದವು. ಮೂಲೆಯ ಮದ್ದಳೆಯ ಮೇಲೆ ಮಾತ್ರ ಹಸಿ ಬೋನ. ಮುಟ್ಟಿದೆ, ಬೆರಳಿಗೆ ಅಂಟಿತು. ಗ್ಯಾಸಿನ ಒಲೆಯ ಮನೆಯಲ್ಲಿ ಬೂದಿ ಎಲ್ಲಿಂದ ಬಂತು?

ಎಬ್ಬಿಸಿ ಹೇಳಿದೆವು. ಅವನು ನಂಬಲಿಲ್ಲ. ನನ್ನ ಬೆರಳನ್ನು ಹಿಡಿದು ಮೂಸಿ ನೋಡಿದ. ಆಮೇಲೆ ಬಿಕ್ಕಿ ಬಿಕ್ಕಿ ಅತ್ತ.

"ನೀನು ಕೇಳಿದಿ. ಅವರೂ ಕೇಳಿದ್ರು. ನನ್ನನ್ನು ಯಾಕೆ ಎಬ್ಬಿಸ್ಲಿಲ್ಲ ತಂಗಿ?"

ಬಾರಿಸುತ್ತಿರುವವನು ಅವನೇ ಎಂದುಕೊಂಡಿದ್ದೆನಲ್ಲ, ಏನೆಂದು ಎಬ್ಬಿಸಲಿ?

ಅಂದಿನಿಂದ ಅವನು ಹಗಲು ಮಲಗಲಿಲ್ಲ. ಮದ್ದಳೆಯ ಕಡೆಗೇ ಮುಖ ಮಾಡಿ ಕಾದ. ಅದು ಮತ್ತೆ ನುಡಿಯಲಿಲ್ಲ. ಮಳೆಗಾಲಕ್ಕೆ ಮೊದಲೇ ಅಣ್ಣ ಹೋದ. ಅವನ ಕಣ್ಣು ಮುಚ್ಚಿಸಿದವಳು ನಾನು.

ಅಂದು ಬಾರಿಸಿದ್ದು ಯಾರು, ನನಗೆ ಇಂದಿಗೂ ತಿಳಿಯದು. ಮೈಮೂನಕ್ಕನೂ ತಲೆ ಅಲ್ಲಾಡಿಸುತ್ತಾರೆ. ಬೋನ ಒಣಗಿ ಬಿರುಕು ಬಿಟ್ಟಿದೆ. ಹಾಗೇ ಬಿಟ್ಟರೆ ಚರ್ಮ ಹಾಳಾಗುತ್ತದೆ ಎಂದು ಅಣ್ಣನ ಶಿಷ್ಯರು ಬೈಯುತ್ತಾರೆ. ಬೈಯಲಿ. ಬಾರಿಸಿ ಮುಗಿದ ಮೇಲೆ ಅಲ್ಲವೇ ಕೆರೆಯುವುದು? ನನ್ನ ಅಣ್ಣ ಅದನ್ನು ಇನ್ನೂ ಕೇಳಿಯೇ ಇಲ್ಲ.