ಮೀಸೆ ನೋಡದ ಮಾಸ್ತರ

ಎಂಬತ್ತರ ದಶಕದಲ್ಲಿ ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಪ್ರಯೋಗಾಲಯಕ್ಕೆ ಕೀಟ ಹಿಡಿಯಲು ಮಿಶ್ರಿಕೋಟಿಗೆ ಹೋದಾಗ, ನೀರು ಕೇಳಿದ ಮನೆಯ ಗೋಡೆಯ ಮೇಲೆ ಉದ್ದ ಮೈಯ, ಬಲೆಯಂಥ ರೆಕ್ಕೆಯ ಹುಳವೊಂದು ಕೂತಿತ್ತು. ಹಿಡಿದು ಬಾಟಲಿಗೆ ಹಾಕಿ, 'ಏರೋಪ್ಲೇನ್ ಚಿಟ್ಟೆ' ಎಂದು ಚೀಟಿ ಬರೆದೆ.

ಜೋಳ ಹಸನು ಮಾಡುತ್ತಿದ್ದ ಮನೆಯೊಡತಿ ಬಸವ್ವ ನಕ್ಕಳು. "ಅದಲ್ರಿ ಇದು. ಆ ಚಿಟ್ಟಿ ಕೂತಾಗ ರೆಕ್ಕಿ ಚಾಚಿರತೈತಿ. ಇದು ಮೈಮ್ಯಾಲ ಮಡಚಿಕೊಂಡಿತ್ತು. ಮೀಸಿ ನೋಡ್ರಿ, ಎಷ್ಟ ದಪ್ಪ ಅದಾವು!"

"ಮತ್ತ ಏನಿದು, ಯವ್ವಾ?"

ಆಕೆ ಸೂರಿನ ಕೆಳಗಿನ ಪುಡಿಮಣ್ಣು ತೋರಿಸಿದಳು. ಅಲ್ಲಿ ಆಲಿಕೆಯಂಥ ಸಣ್ಣ ಸಣ್ಣ ಕುಳಿಗಳಿದ್ದವು. "ಇದರಾಗ ಕುಂತು ಇರುವಿ ಹಿಡಿತೈತಲ್ರಿ, ಆ ಹುಳಾನ ಇದು. ಮಗಳು ಹಠ ಹಿಡದ್ಳಂತ ಬಾಟ್ಲ್ಯಾಗ ಸಾಕಿದ್ದೆ. ಕಡಿಕಿ ಹಿಂಗ ರೆಕ್ಕಿ ಬಂದು ಹಾರಿತು."

ಹಿಂದಕ್ಕೆ ನಡೆಯುವ ಆ ಗಿಡ್ಡ ಹುಳ ಇದಾಗುವುದೇ? ಮಸೂರ ಹಿಡಿದು ನೋಡಿದೆ. ಏರೋಪ್ಲೇನ್ ಚಿಟ್ಟೆಯ ಮೀಸೆ ಕಣ್ಣಿಗೆ ಬೀಳದಷ್ಟು ಸಣ್ಣದು. ಇದರದು ಉದ್ದ, ತುದಿಯಲ್ಲಿ ಗದೆಯಂತೆ ದಪ್ಪ.

ಹಿಂದಿನ ವಾರವಷ್ಟೇ ಪರೀಕ್ಷೆಯಲ್ಲಿ ಗುರುತಿಸಲು ಇಂಥದೇ ಹುಳ ಇಟ್ಟಿದ್ದೆ. ಒಬ್ಬಳೇ ಹುಡುಗಿ ಅದರ ಮೀಸೆಯ ಚಿತ್ರ ಬರೆದು, 'ಇದು ಏರೋಪ್ಲೇನ್ ಚಿಟ್ಟೆಯಲ್ಲ' ಎಂದಿದ್ದಳು. ನಾನು ಕೆಂಪು ಗೀಟೆಳೆದು ಸೊನ್ನೆ ಕೊಟ್ಟಿದ್ದೆ. ಅದೊಂದರಿಂದಲೇ ಅವಳು ನಪಾಸಾಗಿದ್ದಳು.

ಮರುದಿನವೇ ಅವಳನ್ನು ಕರೆಸಿ, ತಪ್ಪು ನನ್ನದೆಂದು ಹೇಳಿ ಅಂಕ ತಿದ್ದಿದೆ. ಅವಳ ಕಣ್ಣು ತುಂಬಿದವು.

"ಈಗ ಹೆಂಗ ಗೊತ್ತಾತ್ರಿ ಸರ್?"

"ಪುಸ್ತಕ ನೋಡಿದೆ" ಎಂದುಬಿಟ್ಟೆ. ಬಸವ್ವನ ಹೆಸರು ಹೇಳುವಷ್ಟು ದೊಡ್ಡ ಮಾಸ್ತರ ನಾನಿನ್ನೂ ಆಗಿರಲಿಲ್ಲ.