ಎರಡು ಒತ್ತಿದವರು

ಹುಮೇರಾ ಆಪಾಗೆ ಮಾತು ಕಡಿಮೆ ಎಂದು ಸುರಪುರದ ನಮ್ಮ ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ಸುಳ್ಳು. ಅವರಿಗೆ ಮಾತಾಡಲು ಜನ ಕಡಿಮೆ, ಅಷ್ಟೇ. ತಾಯಿ ತೀರಿಕೊಂಡ ಮೇಲೆ ರಂಗಂಪೇಟೆಯ ಅವರ ಮನೆಯಲ್ಲಿ ದಖನಿ ಉರ್ದು ಕೇಳಿಸಿಕೊಳ್ಳುವವರೇ ಇಲ್ಲ. ತಂಗಿ ಗುಡ್ಡಿ ಮದುವೆಯಾಗಿ ಸೋಲಾಪುರ ಸೇರಿದ್ದಾಳೆ. ಹಬ್ಬಕ್ಕೊಮ್ಮೆ ಫೋನ್ ಮಾಡಿದರೆ ಪುಣ್ಯ.

ನಮ್ಮದು ಕುರಿ, ಮೇಕೆ ಸಾಕುವವರಿಗಾಗಿ ನಡೆಯುವ ಸಣ್ಣ ಸಂಸ್ಥೆ. ನಮ್ಮ ನಂಬರಿಗೆ ಫೋನ್ ಮಾಡಿ ಕನ್ನಡಕ್ಕೆ ಒಂದು, ದಖನಿಗೆ ಎರಡು ಒತ್ತಿದರೆ ಸಂತೆಯ ದರ, ಲಸಿಕೆಯ ದಿನ ಕೇಳಿಸುತ್ತದೆ. ರೆಕಾರ್ಡ್ ಮಾಡಿದ ಕನ್ನಡದ ದನಿ ನನ್ನದು, ದಖನಿಯದು ಆಪಾ ಅವರದು. ಕಂಪ್ಯೂಟರ್ ಕೆಲಸವೂ ಅವರದೇ. ಫೋನ್ ಬಂದಾಗ ಮಾತ್ರ ಕ್ಲೌಡಿನಲ್ಲಿ, ಅಂದರೆ ದೂರದ ಬಾಡಿಗೆ ಕಂಪ್ಯೂಟರಿನಲ್ಲಿ, ಒಂದು ಪುಟ್ಟ ಪ್ರೋಗ್ರಾಂ ಏಳುತ್ತದೆ, ದರ ಕೇಳಿಸುತ್ತದೆ, ಎಲ್ಲ ಮರೆತು ಮಲಗುತ್ತದೆ. ಸರ್ವರ್‌ಲೆಸ್ ಎನ್ನುತ್ತಾರೆ. ಅದಕ್ಕೆ ನೆನಪಿಲ್ಲದ ಕಾರಣ ಕರೆಗಳ ವಿವರವನ್ನು ಬೇರೆಡೆ ಇಡಬೇಕು.

ಎಲ್ಲಿ ಇಡುವುದೆಂದು ಆಪಾ ವಾರಗಟ್ಟಲೆ ತಲೆ ಕೆಡಿಸಿಕೊಂಡರು. ಪ್ರತಿ ಕರೆಯನ್ನೂ ಡೇಟಾಬೇಸಿಗೆ ಹಾಕಿದರೆ ಖರ್ಚು. ಕರೆಗೊಂದು ಫೈಲು ಮಾಡಿದರೆ ಅಗ್ಗ, ಆದರೆ ಆ ಚಿಲ್ಲರೆ ಫೈಲುಗಳನ್ನೆಲ್ಲ ತೆರೆದು ಲೆಕ್ಕ ತೆಗೆಯುವಷ್ಟರಲ್ಲಿ ಚಹಾ ಆರಿರುತ್ತದೆ. ಕೊನೆಗೆ ದಿನದ ಒಟ್ಟು ಲೆಕ್ಕವನ್ನಷ್ಟೇ ಒಂದು ಫೈಲಿನಲ್ಲಿಟ್ಟು, ಫೋನ್ ಮಾಡಿದವರ ನಂಬರ್ ಸಮೇತ ಉಳಿದದ್ದನ್ನು ಅಳಿಸುವ ಏರ್ಪಾಟು ಮಾಡಿದರು.

"ನಂಬರ್ ಇಟ್ಕೊಂಡು ನಾವೇನ್ ಮಾಡೂದದ?" ಎಂದಿದ್ದರು ಆಪಾ. ಯಾದಗಿರಿಯಿಂದ ಬರುವ ನಮ್ಮ ಮೇಲಿನವರು ನಿಂಗರಾಜ ಸರ್ ಕೂಡ ತಲೆಯಾಡಿಸಿದರು.

ದಿನದ ಲೆಕ್ಕದಿಂದ ಮೂಡುವ ಗ್ರಾಫಿನಲ್ಲಿ ಕನ್ನಡದ ಗೆರೆ ದಿನವೂ ಏರಿಳಿಯುತ್ತಿತ್ತು. ದಖನಿ ಬಲ್ಲವರೂ ಅವಸರಕ್ಕೆ ಒಂದನ್ನೇ ಒತ್ತುತ್ತಿದ್ದರು. ಎರಡು ಒತ್ತಿ ಕೊನೆಯವರೆಗೆ ಕೇಳುವ ಕರೆ ದಿನಕ್ಕೆ ಒಂದೇ, ಯಾರೋ ಒಬ್ಬರೇ ಇರಬೇಕು ಎಂದುಕೊಂಡಿದ್ದೆವು. ಆದರೆ ದಿನ ತಪ್ಪುತ್ತಿರಲಿಲ್ಲ. ಸಂತೆ ಇಲ್ಲದ ದಿನವೂ, ಹೊಸ ದರವೇ ಇಲ್ಲದ ದಿನವೂ ಒಂದು ಕರೆ. "ನಿಮ್ಮ ಗಿರಾಕಿ ಬಂದಾರ ನೋಡ್ರಿ ಆಪಾ," ಎಂದು ನಾನು ಕಾಡಿಸುತ್ತಿದ್ದೆ. ಅವರು ನಗುತ್ತಿದ್ದರು. ಆಮೇಲೆ ದರ ಓದಿ ಮುಗಿಸಿ, "ಖೈರಿಯತ್ ಸೆ ರಹೋ," ಸುಖವಾಗಿರಿ, ಎಂದು ಸೇರಿಸತೊಡಗಿದರು. ಅದು ಯಾರಿಗೆಂದು ನನಗೆ ಗೊತ್ತಿತ್ತು.

ಒಂದು ದಿನ ದಖನಿಗೆ ಸೊನ್ನೆ ಬಂತು. ಮರುದಿನವೂ ಸೊನ್ನೆ. ವಾರ ಕಳೆದರೂ ಅದೇ.

ಜ್ವರವೋ, ಫೋನ್ ಕೆಟ್ಟಿತೋ, ಮನುಷ್ಯನೇ ಹೋದನೋ. ಕೇಳೋಣವೆಂದರೆ ನಂಬರೇ ಇಲ್ಲ. ಗಂಡಸೋ ಹೆಂಗಸೋ, ಬೋನಾಳದವರೋ ಕೊಡೇಕಲ್‌ನವರೋ ಅದೂ ಇಲ್ಲ. ಬರೀ ಒಂದು ಎಂಬ ಅಂಕಿ. ಆಪಾ ಶಹಾಪುರದ ಸಂತೆಗೆ ಹೋಗಿ ಮೇಕೆ ವ್ಯಾಪಾರಿಗಳನ್ನು, "ನೀವು ಎರಡು ಒತ್ತತೀರೇನ್ರಿ?" ಎಂದು ಕೇಳುತ್ತ ತಿರುಗಿದರು. ವ್ಯಾಪಾರಿಗಳು ಮುಖ ಮುಖ ನೋಡಿಕೊಂಡರು. ಆಪಾ ವಾಪಸು ಬಂದವರೇ ಎಲ್ಲವನ್ನೂ ಬದಲಿಸಿದರು. ಅಂದಿನಿಂದ ಪ್ರತಿ ಕರೆಯೂ ನಂಬರ್ ಸಮೇತ ಡೇಟಾಬೇಸಿಗೆ. ಹಳೆಯದೆಲ್ಲ ಅಳಿಸಿಹೋಗಿತ್ತು.

ನಿಂಗರಾಜ ಸರ್ ಗ್ರಾಫು ನೋಡಿ, "ಎರಡು ಯಾರೂ ಒತ್ತವಲ್ರು. ದಖನಿ ಬಂದ್ ಮಾಡೂಣಲ್ರಿ ಮೇಡಂ?" ಎಂದರು.

"ಒಂದ್ ತಿಂಗಳ ನೋಡೂಣ್ರಿ ಸರ್," ಎಂದರು ಆಪಾ.

ಮರುದಿನ ಗ್ರಾಫಿನಲ್ಲಿ ದಖನಿಗೆ ಮತ್ತೆ ಒಂದು ಕರೆ. ಅದರ ಮರುದಿನವೂ. ನಾನು ಕುಣಿದುಬಿಟ್ಟೆ. "ಬಂದ್ರಲ್ಲ ಆಪಾ! ನಂಬರ್ ನೋಡಿದ್ರೇನು?" ಆಪಾ ಕಪಾಟು ಒರೆಸುವ ನೆಪ ಮಾಡಿ ಆಚೆ ಹೋದರು.

ಮರುದಿನ ಬೆಳಿಗ್ಗೆ ಬೇಗ ಬಂದಿದ್ದೆ. ಆಪಾ ಕಿಟಕಿಯ ಹತ್ತಿರ ಫೋನನ್ನು ಕಿವಿಗೆ ಒತ್ತಿ ನಿಂತಿದ್ದರು. ಫೋನಿನೊಳಗಿಂದ ಅವರದೇ ದನಿ ಅವರಿಗೆ ಮೇಕೆಯ ದರ ಹೇಳುತ್ತಿತ್ತು. ನಾನು ಸದ್ದಿಲ್ಲದೆ ಮೆಟ್ಟಿಲಿಳಿದೆ. ಬಸ್‌ಸ್ಟ್ಯಾಂಡಿನ ಹತ್ತಿರ ನಿಂತು ನಾನೂ ನಮ್ಮ ನಂಬರಿಗೆ ಫೋನ್ ಮಾಡಿ ಎರಡು ಒತ್ತಿದೆ.

ಸಂಜೆ ಗ್ರಾಫು ತೆರೆದ ಆಪಾ ಕುರ್ಚಿಯಿಂದ ಅರ್ಧ ಎದ್ದರು. ದಖನಿಗೆ ಎರಡು ಕರೆ! ಗಡಬಡಿಸಿ ಡೇಟಾಬೇಸು ತೆರೆದು ನಂಬರ್ ಹುಡುಕಿದರು. ಆ ಮುಖದಲ್ಲಿ ಅಷ್ಟೊಂದು ಬೆಳಕು ನಾನು ಹಿಂದೆಂದೂ ನೋಡಿರಲಿಲ್ಲ. ನಾನು ಒತ್ತಬಾರದಿತ್ತು ಅನ್ನಿಸಿತು.

ನನ್ನ ನಂಬರ್ ಓದಿ ಅವರು ನಿಧಾನವಾಗಿ ಕುಳಿತರು. ನನ್ನ ಕಡೆ ತಿರುಗದೆಯೇ ಕೇಳಿದರು.

"ಜ್ಯೋತಿ, ಕೊನೀತನಕ ಕೇಳಿದೇನು?"

"ಹೂನ್ರಿ ಆಪಾ."

"ಖೈರಿಯತ್ ಸೆ ರಹೋ ಅಂದದ್ದೂ?"

"ಅದನ್ನೂ ಕೇಳೀನ್ರಿ."